ಚಂದ್ರಾಮನ ಬೆನ್ನಿಗಿದ್ದ ಸಲಿಕೆ

ಗೊಳಸಂಗಿ
ಮಾರ್ಚ್ ೯

ಚಾರಣ ತಂಡದ ಮುಂದಾಳು ಅನೀಲಕುಮಾರ ಅವರಿಗೆ, ಸುವರ್ಣಾಳ ನಮಸ್ಕಾರ.

ನನ್ನ ತಮ್ಮ ಚಂದ್ರಾಮನ ಚೀಲ ಹಿಮಾಚಲದಿಂದ ತಲುಪಿತು. ಜೊತೆಗಿದ್ದ ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಇಳಿಜಾರು ದಾಟುವ ಮೊದಲು ಹಿಮದಲ್ಲಿ ಗುಂಡಿ ತೋಡಿ, ಪದರಗಳು ಗಟ್ಟಿಯಾಗಿವೆಯೇ ಎಂದು ನೋಡಿಯೇ ಅವನನ್ನು ಮುಂದೆ ಕಳಿಸಿದಿರಿ, ಆದರೂ ಹಿಮ ಕುಸಿದು ಅವನ ಜೀವ ಹೋಯಿತು ಎಂದು ಬರೆದಿದ್ದೀರಿ.

ಅವ್ವ ನಂಬಿದಳು. ನೆಲದೊಳಗಿನ ಜೋಳದ ಹಗೇವಿನಲ್ಲಿ ಕೆಟ್ಟ ಗಾಳಿ ಇದೆಯೇ ಎಂದು ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುವವಳು ಅವಳು. “ಅವರೂ ನೋಡೇ ಕಳಿಸ್ಯಾರ. ಅವರ ಮ್ಯಾಲ ಸಿಟ್ಟ ಮಾಡ್ಕೋಬ್ಯಾಡವಾ” ಎಂದಳು.

ಆಮೇಲೆ ಚೀಲ ಬಿಚ್ಚಿದೆ. ಇಡೀ ತಂಡಕ್ಕೆ ಇರುವುದು ಒಂದೇ ಸಲಿಕೆ, ಅದೂ ನನ್ನ ಬೆನ್ನಿಗೇ ಬಂತು ಎಂದು ಚಂದ್ರಾಮ ಹೊರಡುವ ದಿನ ಫೋನಿನಲ್ಲಿ ನಕ್ಕಿದ್ದ. ಆ ಸಲಿಕೆ ಚೀಲದಲ್ಲೇ ಇದೆ. ಅಂಗಡಿಯವರು ಸುತ್ತಿದ ಪ್ಲಾಸ್ಟಿಕ್ಕನ್ನು ಇನ್ನೂ ಯಾರೂ ಬಿಚ್ಚಿಲ್ಲ.

ಅವ್ವನಿಗೆ ತೋರಿಸಿಲ್ಲ. ಯುಗಾದಿ ಮುಗಿದ ಮೇಲೆ ಹಗೇವು ತೆಗೆಯುತ್ತೇವೆ. ನಿಡಗುಂದಿಯಿಂದ ನಮ್ಮೂರಿಗೆ ಬೇಕಾದಷ್ಟು ಬಸ್ಸುಗಳಿವೆ, ಬನ್ನಿ. ಅವ್ವ ದೀಪ ಇಳಿಬಿಡುವಾಗ ಪಕ್ಕದಲ್ಲಿ ನಿಂತು, ಆ ಪ್ಲಾಸ್ಟಿಕ್ಕನ್ನು ನೀವೇ ಬಿಚ್ಚಿರಿ.

ನಿಮ್ಮ ದಾರಿ ಕಾಯುವ,
ಸುವರ್ಣಾ