ಸದ್ದಿಲ್ಲದ ಕಾರುಗಳು

ಅಣ್ಣಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ಬೇಗಂಪೇಟೆಯ ಮನೆಯಲ್ಲಿ ನಿನ್ನ ವರ್ಷದ ತಿಥಿ ಮುಗಿಯಿತು. ಊಟವಾದ ಮೇಲೆ ನಿನ್ನ ಮಗಳು ಪಿಂಕಿ ಕೇಳಿದಳು: "ಕಾಕಾ, ಕಾರ್ ರೇಸಿನ ಛಲೋ ಕಾಲ ಯಾವುದು ಅಂತ ಅಪ್ಪಾನ ಜೋಡಿ ಅಷ್ಟು ಜಗಳಾಡ್ತಿದ್ರಲ್ಲ, ಕಡೀಗೆ ಗೆದ್ದವರು ಯಾರ್ರಿ?"

ನಾನು ಹಳೆಯ ಮಾತನ್ನೇ ಹೇಳಿದೆ. ಹತ್ತು ಸಿಲಿಂಡರಿನ ಎಂಜಿನ್‌ಗಳ ಕಾಲವೇ ಶ್ರೇಷ್ಠ, ಆ ಗರ್ಜನೆ ಇಲ್ಲದ್ದು ರೇಸೇ ಅಲ್ಲ. ನಿನಗೆ ಮಾತ್ರ ಈಗ ನಡೆಯುತ್ತಿರುವ ಕಾಲವೇ ಯಾವಾಗಲೂ ಚೆಂದ. 2023ರಲ್ಲಿ ಹುಸೇನ್ ಸಾಗರದ ದಂಡೆಗೆ ಎಲೆಕ್ಟ್ರಿಕ್ ಕಾರುಗಳ ರೇಸ್ ಬಂದಾಗ ನೀನು ನನಗೂ ಟಿಕೆಟ್ ತಂದಿದ್ದೆ. "ಮಿಕ್ಸರ್ ಸದ್ದು ಕೇಳಾಕ ಅಲ್ಲೀತನಕ ಯಾಕ ಬರಲಿ? ಮನ್ಯಾಗ ಐತಲ್ಲ" ಎಂದು ನಾನು ಬರಲಿಲ್ಲ.

ಅಂದು ನೀನು ತೆಗೆದ ವಿಡಿಯೋವನ್ನು ಪಿಂಕಿ ಫೋನಿನಲ್ಲಿ ಹಚ್ಚಿದಳು. ಕಾರುಗಳು ಸುಯ್ಯೆಂದು ಹೋಗುತ್ತಿದ್ದವು. ಅವುಗಳ ನಡುವೆ ನಿನ್ನ ದನಿ ಸ್ವಚ್ಛವಾಗಿತ್ತು: "ಸೀನ್ಯಾ, ಭಾಳ ಛಂದ ಐತಲೇ. ನೀ ಬರಬೇಕಾಗಿತ್ತು."

ನನ್ನ ಕಾಲದ ಎಂಜಿನ್‌ಗಳಾಗಿದ್ದರೆ ಈ ಮಾತು ಕೇಳಿಸುತ್ತಲೇ ಇರಲಿಲ್ಲ.

"ಹೇಳ್ರಿ ಕಾಕಾ, ಯಾರು ಗೆದ್ರಿ?" ಎಂದು ಪಿಂಕಿ ಮತ್ತೆ ಕೇಳಿದಳು.

"ಇನ್ನೊಮ್ಮೆ ಹಚ್ಚವ್ವಾ" ಎಂದೆ.