ಅಕ್ಕನ ಹಿಂದೆ ಸುರಿದ ನೀರು

ಉರ್ಗುಪ್
೧೯ ನವೆಂಬರ್ ೨೦೨೩, ಭಾನುವಾರ

ನನ್ನ ಗುಲಿಜಾರ್ ಅಕ್ಕನಿಗೆ,

ಮೊದಲು ನಿನ್ನ ಎರಡೂ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡಿದ್ದೇನೆ ಅಂದುಕೋ. ಆಮೇಲೆ ಬೇಕಾದಷ್ಟು ಬೈಯಿ. ನಿನ್ನ ಪತ್ರ ಬಂದದ್ದು ಜುಲೈನಲ್ಲಿ. ನಾನು ಮಾಳಿಗೆಯ ಮೇಲೆ ಏಪ್ರಿಕಾಟ್ ಒಣಹಾಕುತ್ತಿದ್ದೆ. ಈಗ ಆ ಹಣ್ಣು ಒಣಗಿ, ಡಬ್ಬಿ ಸೇರಿ, ಡಬ್ಬಿ ಅರ್ಧ ಖಾಲಿಯೂ ಆಗಿದೆ. ಸೀಸನ್ನಿನ ಗಲಾಟೆ, ಮೊಣಕಾಲು ನೋವು ಅಂತ ನೆಪ ಹೇಳಬಹುದು, ಹೇಳುವುದಿಲ್ಲ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ನೀನು ಫೋನಿನಲ್ಲಿ ಕೇಳಿದಾಗಲೆಲ್ಲ "ಬರೀತೀನಿ ಕಣೇ" ಅಂದು ನಿನ್ನ ಸಕ್ಕರೆ ಕಾಯಿಲೆಯ ಕಡೆಗೆ ಮಾತು ತಿರುಗಿಸಿದೆ.

ನಿನ್ನ ಪತ್ರ ನನಗೆ ಬಾಯಿಪಾಠ ಆಗಿದೆ. "ಮೊಮ್ಮಗಳು ದೆಫ್ನೆ ಟೂರಿನ ಕಾಗದವೊಂದನ್ನು ತಂದು ತೋರಿಸಿದಳು. ಕುಮ್ರು ಛತ್ರದ ಬುಗ್ಗೆ, ಅಕ್ಕನ ಹಿಂದೆ ತಂಬಿಗೆ ನೀರು ಸುರಿದ ತಂಗಿಯ ಕಥೆ. ಓದಿದ ಕೂಡಲೇ ಅದು ನೀನೇ ಅಂತ ಗೊತ್ತಾಯಿತು. ಲಾರಿ ಅಕ್ರೋಟು ಮರದ ಹತ್ತಿರ ತಿರುಗುವಾಗ ನಾನು ಹಿಂದೆ ನೋಡಿದ್ದೆ. ತಾಮ್ರದ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ ನೀನು. ಆ ಮನೆಯಿಂದ ಒಬ್ಬಳಾದರೂ ಹಿಂದೆ ನೀರು ಸುರಿದು ನನ್ನನ್ನು ಹರಸಿ ಕಳಿಸಿದಳಲ್ಲ ಅಂತ ನಲವತ್ತೊಂದು ವರ್ಷ ಅದನ್ನೇ ನೆನೆದುಕೊಂಡು ಬದುಕಿದೆ. ನಾಚಿಕೆಯಾಗಿ ಯಾವತ್ತೂ ಹೇಳಿರಲಿಲ್ಲ. ಏಪ್ರಿಲ್‌ನಲ್ಲಿ ಬರುತ್ತೇನೆ. ಆ ಬುಗ್ಗೆಯ ನೀರು ಮುಟ್ಟಬೇಕು."

ಇದಕ್ಕೆ ಉತ್ತರ ಕೊಡಬೇಕು, ಕೊಡುತ್ತೇನೆ. ಮೊದಲು ಸುದ್ದಿ ಕೇಳು, ಸುದ್ದಿ ದೊಡ್ಡದಿದೆ. ನಿನ್ನ ತಂಗಿಯನ್ನು ಕೆಲಸದಿಂದ ತೆಗೆದುಹಾಕಿದ್ದಾರೆ. ಅಯ್ಯೋ ಅನ್ನಬೇಡ. ಎಷ್ಟೋ ವರ್ಷದ ಮೇಲೆ ಇವತ್ತು ಬೆಳಿಗ್ಗೆ ನಿಧಾನವಾಗಿ ಚಹಾ ಕುಡಿದೆ, ಎರಡು ಲೋಟ.

ಆ ಕಥೆ ಹುಟ್ಟಿದ್ದು ಹೇಗೆ ಅಂತ ನಿನಗೆ ಹೇಳಿಲ್ಲ. ಗೈಡ್ ಆಗಿ ಮೂರನೇ ವರ್ಷ. ಛತ್ರದ ಮುಂದೆ ನಿಂತು ಸುಲ್ತಾನರ ಕಾಲ, ಒಂಟೆ ಕಟ್ಟುವ ಸಾಲು, ವ್ಯಾಪಾರಿಗಳಿಗೆ ಮೂರು ದಿನ ಪುಕ್ಕಟೆ ಊಟ, ಎಲ್ಲ ಒಪ್ಪಿಸಿದೆ. ಗುಂಪಿನಲ್ಲಿದ್ದ ಒಬ್ಬ ಮೇಷ್ಟ್ರು ಬಾಗಿಲ ಪಕ್ಕದ ಕಲ್ಲು ಕಟ್ಟಿದ ಬುಗ್ಗೆ ತೋರಿಸಿ, "ಇದನ್ನ ಕಟ್ಸಿದ್ದು ಯಾರಮ್ಮ?" ಅಂದ. ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೆ ಕೈಯಲ್ಲಿ ಮೈಕು ಹಿಡಿದವಳ ಬಾಯಲ್ಲಿ "ಗೊತ್ತಿಲ್ಲ" ಅನ್ನುವ ಮಾತು ಬರುವುದೇ ಇಲ್ಲ ಕಣೇ, ನಮ್ಮ ಕಸುಬಿನವರೆಲ್ಲರ ಜಾಯಮಾನ ಅದು. ನಾಲಗೆ ತಾನಾಗಿಯೇ ಹೊರಟಿತು. ಒಬ್ಬ ವ್ಯಾಪಾರಿಯ ದೊಡ್ಡ ಮಗಳು ಒಂಟೆಯವನನ್ನು ಮೆಚ್ಚಿ ಹೊರಟಳಂತೆ. ಅಪ್ಪ ಮುಖ ತಿರುಗಿಸಿದನಂತೆ. ತಂಗಿಯೊಬ್ಬಳು ಮಾತ್ರ ತಂಬಿಗೆ ಹಿಡಿದು ಓಡಿಬಂದು, "ನೀರಿನ ಹಾಗೆ ಹೋಗು, ನೀರಿನ ಹಾಗೆ ಬಾ" ಅಂತ ಅಕ್ಕನ ಹಿಂದೆ ನೀರು ಸುರಿದಳಂತೆ. ಬಿದ್ದ ನೀರು ನಿಲ್ಲಲೇ ಇಲ್ಲ, ಬುಗ್ಗೆಯಾಯಿತು. ಅಕ್ಕ ಸುಖವಾಗಿ ಊರು ಮುಟ್ಟಿದಳು. ಮೇಷ್ಟ್ರು ಕಣ್ಣು ಒರೆಸಿಕೊಂಡು ಬರೆದುಕೊಂಡ. ನಾನು ಬಸ್ಸು ಹತ್ತಿ ಬೆವರು ಒರೆಸಿಕೊಂಡೆ.

ಮುಂದಿನ ವರ್ಷ ಬೇರೆ ಗೈಡುಗಳೂ ಹೇಳತೊಡಗಿದರು. ಆಮೇಲೆ 'ತಂಗಿಯ ಬುಗ್ಗೆ' ಅಂತ ಬೋರ್ಡು ಬಂತು. ಆಮೇಲೆ ಪಕ್ಕದಲ್ಲೊಂದು ಅಂಗಡಿ, ಅಂಗಡಿಯಲ್ಲಿ ಬೊಗಸೆಯಷ್ಟು ಅಗಲದ ಮಣ್ಣಿನ ತಂಬಿಗೆಗಳು. ಜನ ಕೊಂಡು, ನೀರು ತುಂಬಿಸಿ, ತಮ್ಮ ಬಸ್ಸಿನ ಹಿಂದೆ ತಾವೇ ಸುರಿದು, ಓಡಿ ಹೋಗಿ ಅದೇ ಬಸ್ಸು ಹತ್ತುತ್ತಾರೆ. ನಗಬೇಡ, ದೇವರಾಣೆಗೂ ನಿಜ.

ಈಗ ತೊಲ್ಗಾ ವಿಷಯಕ್ಕೆ ಬರುತ್ತೇನೆ. ನಮ್ಮ ಟೂರ್ ಕಂಪನಿಯ ಹಳೇ ಯಜಮಾನರ ಮಗ. ಮೂವತ್ತು ವರ್ಷ, ಕಾಲಿಗೆ ಸಾಕ್ಸ್ ಇಲ್ಲದ ಶೂಸು. ಹೋದ ತಿಂಗಳು ನನ್ನನ್ನು ಕರೆದು ಹೊಸ ಬೋರ್ಡಿನ ಬರಹ ಕೈಗಿತ್ತ.

"ಅಕ್ಕಾ, ನಿಮ್ ಕಥೆ ಚೆನ್ನಾಗಿದೆ, ಆದ್ರೆ ಸಪ್ಪೆ. ಅಳು ಬರ್ಬೇಕು. ದೊಡ್ಡವಳು ಅಪ್ಪನ ಮಾತು ಮೀರಿ ಹೋದ್ಲು, ದಾರೀಲಿ ಸತ್ಲು. ಬುಗ್ಗೇಲಿ ಬರೋದು ತಂಗಿ ಕಣ್ಣೀರು. ಅತ್ತವರು ಎರಡು ತಂಬಿಗೆ ತಗೋತಾರೆ."

"ಅವಳನ್ನ ಯಾಕಪ್ಪ ಸಾಯಿಸ್ತೀಯ?"

"ಕಥೆ ತಾನೇ ಅಕ್ಕಾ? ಸತ್ರೆ ಯಾರಿಗೇನು?"

ಯಾರಿಗೇನು ಅಂತ! ಅಕ್ಕ, ನಾನು ನಿನ್ನನ್ನು ಮೂವತ್ತು ವರ್ಷ ಆ ಬುಗ್ಗೆಯ ಮುಂದೆ ಸುಖವಾಗಿ ಊರು ಮುಟ್ಟಿಸಿದ್ದೇನೆ. ಮಳೆಯಲ್ಲಿ, ಹಿಮದಲ್ಲಿ, ಜ್ವರ ಬಂದಾಗ, ಕೇಳುವವರು ನಾಲ್ಕೇ ಜನ ಇದ್ದಾಗಲೂ. ಇವನು ಒಂದು ಸಾಲಿನಲ್ಲಿ ಕೊಂದುಬಿಟ್ಟ. ಅಪ್ಪ ಅವತ್ತು ಅಂದದ್ದನ್ನೇ ಈ ಪೋರ ಬೋರ್ಡು ಬರೆಸಿ ಹಾಕುತ್ತಿದ್ದಾನಲ್ಲ ಅಂತ ಮೈಯೆಲ್ಲ ಉರಿದುಹೋಯಿತು.

ಹೋದ ಮಂಗಳವಾರದ ಗುಂಪು ಬುರ್ಸಾದಿಂದ ಬಂದ ಮೂವತ್ತೆಂಟು ಜನ, ಎಲ್ಲ ನಿವೃತ್ತರು. ಅವರ ನಾಯಕಿ ನೆಬಾಹತ್, ಎಪ್ಪತ್ತೆರಡು ವರ್ಷದ ವಿಧವೆ. ಚೀಲದಲ್ಲಿ ಉಪ್ಪಿನಕಾಯಿ ಬಾಟಲಿ, ಕೈಯಲ್ಲಿ ಊರುಗೋಲು, ಬಾಯಲ್ಲಿ ಬೆಂಕಿ. ಮಧ್ಯಾಹ್ನದ ಊಟಕ್ಕೆ ಬಂದ ಮಂತಿ ಕಡುಬನ್ನು ಚಮಚದಲ್ಲಿ ಎತ್ತಿ ಹಿಡಿದು, "ಇದು ಮಂತಿಯಾ, ದಿಂಬಾ? ನಮ್ಮತ್ತೆ ಮಾಡಿದ್ರೆ ಒಂದ್ ಚಮಚಕ್ಕೆ ನಲವತ್ತು ಕೂರ್ತಿತ್ತು!" ಅಂದಳು. ಅಡುಗೆಯವನು ಒಳಗಿಂದ ಬಂದು ಕ್ಷಮೆ ಕೇಳಿದ. ಮಡಕೆ ಕಬಾಬಿನ ಮಡಕೆ ಒಡೆಯಲು ಸುತ್ತಿಗೆ ಕೊಟ್ಟರೆ ಒಂದೇ ಏಟಿಗೆ ಒಡೆದು, "ನಮ್ಮೆಜಮಾನ್ರು ಇದ್ದಾಗ ಇದು ಸಿಕ್ಕಿದ್ರೆ!" ಅಂದಳು. ನನಗೆ ಆ ಹೆಂಗಸು ಅಲ್ಲೇ ಇಷ್ಟವಾದಳು.

ಹಸನ್ ಬೆಟ್ಟದ ತುದಿಗೆ ಆಗಲೇ ಹಿಮ ಬಿದ್ದಿತ್ತು. ಪೋಪ್ಲರ್ ಮರಗಳೆಲ್ಲ ಹಳದಿ. ಹೈರಿ ಕ್ಯಾಪ್ಟನ್, ಅದೇ ನನ್ನ ಹಳೇ ಡ್ರೈವರು, ಛತ್ರದ ಮುಂದೆ ಬಸ್ಸು ನಿಲ್ಲಿಸುವಷ್ಟರಲ್ಲಿ ತೊಲ್ಗಾ ಫೋಟೋದವನನ್ನು ಕರೆದುಕೊಂಡು ಅಲ್ಲಿ ಕಾಯುತ್ತಿದ್ದ. ಹೊಸ ಬೋರ್ಡು ಥಳಥಳ ಅನ್ನುತ್ತಿತ್ತು. "ಹೇಳಿ ಅಕ್ಕಾ, ಹೊಸದನ್ನೇ ಹೇಳಿ," ಅಂತ ಕಣ್ಣು ಮಿಟುಕಿಸಿದ.

ಎಲ್ಲರನ್ನೂ ಬಸ್ಸಿನಿಂದ ಇಳಿಸಿ, ಬುಗ್ಗೆಯ ಮುಂದೆ ನಿಂತು ಮೈಕು ಹತ್ತಿರ ಹಿಡಿದೆ. "ಈ ಬೋರ್ಡಲ್ಲಿ ಇರೋದು ಸುಳ್ಳು," ಅಂದೆ. "ಇದಕ್ಕೆ ಮುಂಚೆ ಇದ್ದ ಬೋರ್ಡೂ ಸುಳ್ಳೇ. ಅದನ್ನ ಕಟ್ಟಿದವಳು ನಾನೇ. ಈ ಬುಗ್ಗೆ ಯಾರು ಕಟ್ಸಿದ್ದು ಅಂತ ನಂಗೊತ್ತಿಲ್ಲ."

ಗೊತ್ತಿಲ್ಲ ಅಂದೆ ಅಕ್ಕ! ಮೂವತ್ತು ವರ್ಷದಲ್ಲಿ ಮೊದಲನೇ ಸಲ. ಆಕಾಶವೇನೂ ಬೀಳಲಿಲ್ಲ.

"ಆದ್ರೆ ಆ ಅಕ್ಕ ಸುಳ್ಳಲ್ಲ. ಸತ್ತೂ ಇಲ್ಲ. ಮೆರ್ಸಿನ್‌ನಲ್ಲಿದ್ದಾಳೆ. ಹೋಗಿದ್ದು ಒಂಟೆ ಮೇಲಲ್ಲ, ಟೊಮೇಟೊ ತುಂಬೋ ಲಾರೀಲಿ. ಕರ್ಕೊಂಡ್ ಹೋದವನು ಚಿನ್ನದಂಥ ಗಂಡಸು, ಮೂವತ್ತೈದು ವರ್ಷ ಅವಳ ಮೇಲೆ ದನಿ ಎತ್ತಲಿಲ್ಲ. ಮೂರು ಮಕ್ಕಳು, ಏಳು ಮೊಮ್ಮಕ್ಕಳು. ಸಕ್ಕರೆ ಕಾಯಿಲೆ ಇದೆ, ಆದ್ರೂ ಕದ್ದು ಕುನೆಫೆ ತಿಂತಾಳೆ. ಅವಳನ್ನ ಯಾರಾದ್ರೂ ದಾರೀಲಿ ಸಾಯ್ಸೋಕೆ ಬಂದ್ರೆ ನನ್ನನ್ನ ದಾಟ್ಕೊಂಡ್ ಹೋಗ್ಲಿ."

ತೊಲ್ಗಾ ಹಲ್ಲು ಕಿರಿದ. "ಪಾಪ, ಅಕ್ಕಂಗೆ ಬಿಸಿಲು ಹತ್ತಿದೆ," ಅಂದ.

"ನವೆಂಬರಲ್ಲಿ ಯಾವ ಬಿಸಿಲೋ ಮರಿ?" ಅಂದಳು ನೆಬಾಹತ್. "ಮೊದ್ಲು ಸಾಕ್ಸ್ ಹಾಕ್ಕೋ, ಶೀತ ಆಗತ್ತೆ." ಮೂವತ್ತೆಂಟು ಜನ ಗೊಳ್ಳೆಂದು ನಕ್ಕರು. ಆಮೇಲೆ ಅವಳು ನನ್ನ ಕಡೆ ತಿರುಗಿ, ದನಿ ಮೆತ್ತಗೆ ಮಾಡಿ, "ಹಾಗಾದ್ರೆ ಮಗಳೇ, ನೀರು ಸುರಿದ ತಂಗಿ ನೀನೇನಾ?" ಅಂದಳು.

ನಾನು ಹೂಂ ಅಂತ ತಲೆ ಆಡಿಸಿದೆ. ಎಲ್ಲರೂ ಚಪ್ಪಾಳೆ ಹೊಡೆದರು.

ತೊಲ್ಗಾ ಮೈಕು ಕಿತ್ತುಕೊಂಡ. "ಸಾಕು, ನಿಲ್ಸಿ. ನಿಮ್ಮ ಕೆಲಸ ಮುಗೀತು, ಆ ಬಿಲ್ಲೆನೂ ಇಲ್ಲಿ ಕೊಡಿ," ಅಂದ.

ಕೊರಳಲ್ಲಿದ್ದ ಗೈಡ್ ಬಿಲ್ಲೆಯನ್ನು ಅವನ ಮೂಗಿಗೆ ಹಿಡಿದೆ. "ಮೈಕು ನಿಂದು, ತಗೋ. ಇದು ನಿಮ್ಮಪ್ಪನ ಅಂಗಡೀಲಿ ಸಿಕ್ಕಿದ್ದಲ್ಲ ಮಗನೇ. ಓದಿ, ಪರೀಕ್ಷೆ ಬರೆದು, ಸರ್ಕಾರದಿಂದ ತಗೊಂಡಿದ್ದು. ಇದು ನನ್ ಜೊತೇನೇ ಮಣ್ಣಿಗೆ ಹೋಗೋದು."

ಅವನು ಬಸ್ಸು ಹೊರಡಿಸು ಅಂತ ಹೈರಿಗೆ ಹೇಳಿದ. ಹೈರಿ ಸ್ಟೀರಿಂಗ್ ಮೇಲೆ ಕೈ ಕಟ್ಟಿ ಕೂತ. "ಗೈಡ್ ಇಲ್ದೆ ಗುಂಪು ಕರ್ಕೊಂಡ್ ಹೋದ್ರೆ ಹಿಡೀತಾರೆ. ನನಗ್ ಈ ವಯಸ್ಸಲ್ಲಿ ಪೊಲೀಸ್ ಸ್ಟೇಷನ್ ಬೇಡಪ್ಪ. ನಮ್ ಗೈಡ್ ಮುರ್ವೆತ್ ಹತ್ತಿದ್ರೆ ಹೊರಡ್ತೀನಿ, ಇಲ್ದಿದ್ರೆ ಇಲ್ಲೇ ಒಂದು ಚಹಾ ಕುಡೀತೀನಿ." ತೊಲ್ಗಾ ಕೆಂಪಗಾಗಿ ಕಾರು ಹತ್ತಿದ. ಉಳಿದ ಎರಡು ದಿನ ಮೈಕಿಲ್ಲದೆ ಗಂಟಲು ಹರಿಯುವ ಹಾಗೆ ಕೂಗಿ ಕೂಗಿ ತೋರಿಸಿದೆ. ಪಾರಿವಾಳದ ಗೂಡು ಕೊರೆದ ಕಣಿವೆ, ನೆಲದಡಿಯ ಊರು, ಬಂಡೆ ಕೊರೆದ ಹಳೇ ಚರ್ಚುಗಳು. ಗೊತ್ತಿರದ ಕಡೆಯೆಲ್ಲ "ಗೊತ್ತಿಲ್ಲ" ಅಂದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಕೊನೆಯ ದಿನ ಕಂಪನಿಯಿಂದ ಫೋನು ಬಂತು, ಇನ್ನು ಬರಬೇಡಿ ಅಂತ. ಆಗಲಿ ಅಂದೆ.

ಅವನ ಕಂಪನಿ ಒಂದೇ ಏನು ಈ ದೇಶದಲ್ಲಿರುವುದು? ಹೈರಿಯ ಅಳಿಯನ ಹತ್ತಿರ ಹದಿನಾರು ಸೀಟಿನ ಗಾಡಿ ಇದೆ. ಮೇ ತಿಂಗಳಲ್ಲಿ ತನ್ನ ಬೀದಿಯ ಹೆಂಗಸರನ್ನೆಲ್ಲ ಕರೆತರುತ್ತೇನೆ ಅಂತ ನೆಬಾಹತ್ ಮಾತು ಕೊಟ್ಟಿದ್ದಾಳೆ. ಅರವತ್ತು ತುಂಬಿದವಳಿಗೆ ಹೊಸ ಶುರು ಯಾಕೆ ಅಂತ ನೀನು ಕೇಳುತ್ತೀಯ, ಗೊತ್ತು. ಕಾಲು ನಡೆಯುವವರೆಗೆ ನಡೆಯುತ್ತೇನೆ. ಯಾರು ಬರೆದುಕೊಟ್ಟದ್ದನ್ನೂ ಇನ್ನು ನಾನು ಓದುವುದಿಲ್ಲ.

ಮಾತ್ರೆ ತಪ್ಪಿಸಬೇಡ. ರಿಜಾ ಭಾವನ ಗೋರಿಗೆ ಹೋದಾಗ ನನ್ನ ಹೆಸರಲ್ಲೂ ಒಂದು ಪ್ರಾರ್ಥನೆ ಹೇಳು. ದೆಫ್ನೆಯ ಎರಡು ಕಣ್ಣಿಗೂ ನನ್ನ ಮುತ್ತು, ಅವಳ ಪರೀಕ್ಷೆ ಹೂವಿನ ಹಾಗೆ ಹಗುರಾಗಿ ಆಗಲಿ. ದೇವರು ನಿನ್ನ ಮೊಣಕಾಲಿಗೆ ಬಲ ಕೊಡಲಿ, ನಿನ್ನ ಬಾಗಿಲು ಯಾವತ್ತೂ ತೆರೆದೇ ಇರಲಿ.

ನಿನ್ನ ತಂಗಿ,
ಮುರ್ವೆತ್

ಬರೆದ ಮೇಲೆ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ನಾಲ್ಕು ಪುಟ ಗಂಡೆದೆಯವಳ ಹಾಗೆ ಬರೆದು, ನೀನು ಕೇಳಿದ್ದಕ್ಕೆ ಉತ್ತರ ಕೊಡದೆಯೇ ಸಹಿ ಹಾಕಿದೆ. ಊರಿನ ಮುಂದೆಲ್ಲ ಸತ್ಯ ಹೇಳಿದವಳು ನೆಬಾಹತ್ ಕೇಳಿದ ಒಂದು ಮಾತಿಗೆ ಸುಳ್ಳು ತಲೆ ಆಡಿಸಿದೆ.

ಅಕ್ಕ, ನಾನು ನಿನ್ನ ಹಿಂದೆ ನೀರು ಸುರಿಯಲಿಲ್ಲ.

ನೀನು ನೋಡಿದ್ದು ನಿಜ. ತಂಬಿಗೆ ನನ್ನ ಕೈಯಲ್ಲಿತ್ತು, ತುಂಬ ನೀರಿತ್ತು. ನೀನು ಲಾರಿ ಹತ್ತುತ್ತಿರುವಾಗಲೇ ಅಪ್ಪ ಒಳಗಿನಿಂದ ಅಂದ: "ಇವತ್ತಿಗೆ ಅವಳು ಸತ್ಲು. ಹೆಣ ಎತ್ತಿದ ಮೇಲೆ ತೊಳೆಯೋ ಹಾಗೆ ಹೊಸ್ತಿಲು ತೊಳೀರಿ." ಅಮ್ಮ, "ನನ್ ಕೈಲಾಗಲ್ಲ, ಬೇಕಾದ್ರೆ ನನ್ನನ್ನೂ ಹೊರಗೆ ಹಾಕಿ," ಅಂತ ಕೂತಲ್ಲಿಂದ ಏಳಲಿಲ್ಲ. ಎದ್ದವಳು ನಾನು. ಯಾರೂ ನನ್ನನ್ನು ಎಬ್ಬಿಸಲಿಲ್ಲ, ಯಾರೂ ಹೊಡೆಯಲಿಲ್ಲ. ನೀನು ಹಿಂತಿರುಗಿ ನೋಡಿದಾಗ ನಾನು ಲಾರಿ ಮರೆಯಾಗಲಿ ಅಂತ ಕಾಯುತ್ತಿದ್ದೆ. ಮರೆಯಾಯಿತು. ಪೊರಕೆ ಹಿಡಿದು ನಿನ್ನ ಚಪ್ಪಲಿ ಗುರುತು ಹೋಗುವ ತನಕ ತೊಳೆದೆ. ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದವಳು ನೀನು, ನನಗೂ ಹೇಳದೆ ಹೊರಟಿದ್ದೆ. ಊರವರಿಗೆ ಗೊತ್ತಾದಾಗಲೇ ನನಗೂ ಗೊತ್ತಾಗಿದ್ದು. ಆ ಸಿಟ್ಟು ಕಣೇ. ಹತ್ತೊಂಬತ್ತು ವರ್ಷದ ಕತ್ತೆ ಸಿಟ್ಟು.

ಸಂಜೆ ಅಪ್ಪ ನನ್ನ ತಲೆ ಸವರಿ, "ಇವಳು ನನ್ ಮಗಳು. ಅಂಕಾರಾಕ್ಕೆ ಕಳಿಸಿ ಓದಿಸ್ತೀನಿ," ಅಂದ. ಓದಿಸಿದ. ತೊಲ್ಗಾನ ಮೂಗಿಗೆ ಹಿಡಿದ ಬಿಲ್ಲೆ ನನಗೆ ಬಂದದ್ದು ಆ ನೀರಿನಿಂದ.

ಏಪ್ರಿಲ್‌ನಲ್ಲಿ ಬರುತ್ತೀಯೋ ಇಲ್ಲವೋ, ನಿನಗೆ ಬಿಟ್ಟದ್ದು. ನಾನು ಕ್ಷಮಿಸು ಅಂತ ಬರೆಯುವುದಿಲ್ಲ, ಅಂಚೆಯಲ್ಲಿ ಕೇಳುವ ಮಾತಲ್ಲ ಅದು. ಆದರೆ ಅಮ್ಮನ ಆ ತಾಮ್ರದ ತಂಬಿಗೆ ಈಗಲೂ ನನ್ನ ಹತ್ತಿರವೇ ಇದೆ. ನಾಳೆ ಬೆಳಿಗ್ಗೆ ಅಂಚೆಯವನು ಈ ಪತ್ರ ತೆಗೆದುಕೊಂಡು ಬೈಕು ಹತ್ತಿದ ಕೂಡಲೇ ಬೀದಿಗಿಳಿದು ಅವನ ಹಿಂದೆ ತಂಬಿಗೆ ಪೂರ್ತಿ ಸುರಿಯುತ್ತೇನೆ. ನೋಡಿದವರು ಏನು ಬೇಕಾದರೂ ಅಂದುಕೊಳ್ಳಲಿ.