ನನ್ನ ತಾಯಿಗೆ ಮಾತು ಬರುತ್ತದೆ

ಕೆಂಟನ್, ಲಂಡನ್, ೫ ಮಾರ್ಚ್ ೧೯೯೮

ನಮ್ಮ ಕಡೆಯ ಹೆಸರಾಂತ ಖಾಸಗಿ ಶಾಲೆಯ ಮಾನ್ಯ ಪ್ರವೇಶಾಧಿಕಾರಿಗಳೇ,

ನನ್ನ ಮಗಳು ಧೃತಿಗೆ ನಿಮ್ಮಲ್ಲಿ ಸೀಟಿಲ್ಲವೆಂಬ ಪತ್ರ ತಲುಪಿತು. ಅದಕ್ಕೆ ತಕರಾರಿಲ್ಲ. ನಾಲ್ಕು ವರ್ಷದ ಮಗುವನ್ನು ಮುಕ್ಕಾಲು ಗಂಟೆಯಲ್ಲಿ ಅಳೆದು ತೂಗಿ ಮುಗಿಸುವ ನಿಮ್ಮ ಜಾಣ್ಮೆಯನ್ನು ಪ್ರಶ್ನಿಸಲು ನಾನು ಯಾರು? ನನ್ನ ತಕರಾರು ಎರಡನೆಯ ಪುಟದ ಒಂದು ವಾಕ್ಯದ ಬಗ್ಗೆ: "ಮನೆಯಲ್ಲಿರುವ ಅಜ್ಜಿ ಮಗುವಿನೊಡನೆ ಮಾತನಾಡುವುದಿಲ್ಲ, ಮನೆಯ ವಾತಾವರಣ ಭಾಷೆಯ ಬೆಳವಣಿಗೆಗೆ ಪೂರಕವಾಗಿಲ್ಲ." ಈ ಪತ್ರವನ್ನು ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಕನ್ನಡದಲ್ಲೇ ಪ್ರಕಟಿಸುತ್ತಿದ್ದೇನೆ. ನಿಮಗೆ ಒಂದಕ್ಷರವೂ ತಿಳಿಯಲಿಕ್ಕಿಲ್ಲ. ನನ್ನ ತಾಯಿ ಐದು ತಿಂಗಳು ಬಾಯಿ ಬಿಡದೆ ಕೂತಿದ್ದರು, ನೀವೂ ಐದು ನಿಮಿಷ ಕೂತು ನೋಡಿ.

ಕಳೆದ ಸೆಪ್ಟೆಂಬರಿನಲ್ಲಿ ನಾವು ಶಾಲೆ ನೋಡಲು ಬಂದಿದ್ದೆವು. ನೀವು ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿ, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದಿರಿ. ಕನ್ನಡ ಎಂದೆ. ಪರೀಕ್ಷೆ ಮುಗಿಯುವವರೆಗೆ ಮಗುವಿನ ಕಿವಿಗೆ ಇಂಗ್ಲಿಷ್ ಮಾತ್ರ ಬಿದ್ದರೆ ಕ್ಷೇಮ ಎಂದು ನಗುನಗುತ್ತಲೇ ಹೇಳಿದಿರಿ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯ. ಮಕ್ಕಳಿಗೆ ಮಾತು ತಡವಾಯಿತೆಂದು ಪಂಜಾಬಿಗಳೇ ಹೆಚ್ಚಿರುವ ಸೌತ್‌ಹಾಲಿನಿಂದ ಬರುವ ತಾಯಂದಿರಿಗೆ, ನಿಮ್ಮ ಭಾಷೆಯಲ್ಲೇ ಧಾರಾಳವಾಗಿ ಮಾತಾಡಿ ಎಂದು ವಾರಕ್ಕೆ ಹತ್ತು ಸಲ ಹೇಳುವವನು. ಅಂಥವನು ನಿಮ್ಮ ಬಿಸ್ಕತ್ತು ತಿಂದು ತಲೆಯಾಡಿಸಿದೆ. ಏನು ಮಾಡಲಿ? ಕೆಂಟನ್ನಿನ ನಮ್ಮವರ ಶನಿವಾರದ ಊಟಗಳಲ್ಲಿ ಮಗಳಿಗೆ ಪುಕ್ಕಟೆಯ ಕೌನ್ಸಿಲ್ ಶಾಲೆ ಸಾಕು ಎಂದು ಹೇಳಿ ನೋಡಿ, ಹುಳಿ ಬಡಿಸುವ ಸೌಟು ಅರ್ಧದಲ್ಲೇ ನಿಲ್ಲುತ್ತದೆ.

ಮರುವಾರ ಮೈಸೂರಿನಿಂದ ನನ್ನ ತಾಯಿ ವೈದೇಹಮ್ಮ ಬಂದಿಳಿದರು. ಆರು ತಿಂಗಳ ವೀಸಾ, ಮೊಮ್ಮಗಳ ಜೊತೆ ಇರಲೆಂದೇ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡದಲ್ಲಿ ಪಾಠ ಹೇಳಿದವರು. ಇಂಗ್ಲಿಷ್ ಓದಬಲ್ಲರು, ಆಡಲು ನಾಲಿಗೆ ಹೊರಳದು. ನನ್ನ ಹೆಂಡತಿ ಕಲ್ಯಾಣಿ ಬೇಡವೆಂದರೂ ನಿಮ್ಮ ಸಲಹೆಯನ್ನು ನಾನೇ ಅವರಿಗೆ ತಿಳಿಸಿದೆ. ಅಮ್ಮ ಸೂಟ್‌ಕೇಸಿನಿಂದ ಚಕ್ಕುಲಿ ಡಬ್ಬಿ ತೆಗೆಯುತ್ತಿದ್ದರು.

"ಮಗುಗೆ ಒಳ್ಳೇದಾಗೋದಾದ್ರೆ ಬಾಯ್ಮುಚ್ಕೊಂಡಿರ್ತೀನಿ ಬಿಡಪ್ಪ" ಎಂದರು.

ಹಾಗೇ ಇದ್ದರು. ಕಮ್, ಈಟ್, ಸ್ಲೀಪ್ ಎಂಬ ಮೂರು ಪದಗಳಲ್ಲಿ ಐದು ತಿಂಗಳು ಮೊಮ್ಮಗಳನ್ನು ನೋಡಿಕೊಂಡರು. ನಮ್ಮ ಬೀದಿಯಲ್ಲಿ ನಾಯಿ ಸಾಕಿದವರೂ ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ. ಜಡೆ ಹಾಕುವಾಗ ಪದ ಹೊರಬೀಳದಂತೆ ಎಚ್ಚರ ವಹಿಸಿ ಬರೀ ರಾಗ ಗುನುಗುತ್ತಿದ್ದರು. ನನಗೆ ಕೇಳಿಸುತ್ತಿತ್ತು, ಕಿವಿಯ ವೈದ್ಯನಲ್ಲವೇ.

ಪರೀಕ್ಷೆಯ ದಿನ ನೀವು ಮನೆಯಲ್ಲಿ ಯಾರ್‍ಯಾರಿದ್ದಾರೆಂದು ಕೇಳಿದಿರಂತೆ. ಅಜ್ಜಿ ಇದ್ದಾರೆ, ನನ್ನ ಜೊತೆ ಮಾತಾಡುವುದಿಲ್ಲ ಎಂದು ಧೃತಿ ಸೊಗಸಾದ ಇಂಗ್ಲಿಷಿನಲ್ಲಿ ಹೇಳಿದಳಂತೆ. ಯಾಕೆ ಎಂದು ಕೇಳಲು ಮುಕ್ಕಾಲು ಗಂಟೆ ಸಾಲಲಿಲ್ಲವೇ? ನಿಮ್ಮ ಮಾತು ಕೇಳಿ ಬಾಯಿ ಮುಚ್ಚಿದವರನ್ನು ಬಾಯಿ ಮುಚ್ಚಿದ್ದಕ್ಕೇ ಫೇಲು ಮಾಡುವ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿತಿರಿ? ನಿಮ್ಮ ಪತ್ರವನ್ನು ಅಮ್ಮನಿಗೆ ಹೇಳುವಾಗ ಆ ವಾಕ್ಯವನ್ನು ಹಾರಿಸಿದೆ. ಅವರು ಕನ್ನಡಕ ಹಾಕಿಕೊಂಡು ತಾವೇ ಓದಿದರು.

"ನಾನಿನ್ನೇನು ಮಾಡ್ಬೇಕಿತ್ತೋ, ಮುಕುಂದ?" ಎಂದರು.

ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಮಗಳನ್ನು ಮತ್ತೆ ಪರೀಕ್ಷಿಸಿ ಎಂದು ನಾನು ಕೇಳುವುದಿಲ್ಲ. ಅವಳು ಬೀದಿಯ ಕೊನೆಯ ಕೌನ್ಸಿಲ್ ಶಾಲೆಗೆ ಹೋಗುತ್ತಾಳೆ, ಸೌಟುಗಳು ನಿಲ್ಲಲಿ. ಯಾರಿಂದಲಾದರೂ ಇದನ್ನು ಓದಿಸಿಕೊಂಡು, ನಿಮ್ಮ ಕಡತದಿಂದ ಆ ಒಂದು ವಾಕ್ಯವನ್ನು ಹೊಡೆದುಹಾಕಿ, ಹಾಗೆ ಮಾಡಿದ್ದೇವೆಂದು ನನ್ನ ತಾಯಿಯ ಹೆಸರಿಗೇ ಪತ್ರ ಬರೆಯಿರಿ. ಅವರ ವೀಸಾ ಮುಗಿಯಲು ಇನ್ನು ಹತ್ತೊಂಬತ್ತು ದಿನವಿದೆ. ಮನೆಯಲ್ಲಿ ಈಗ ಕನ್ನಡಕ್ಕೆ ತಡೆಯಿಲ್ಲ. ಮೊನ್ನೆ ಬೆಳಿಗ್ಗೆ ಜಡೆ ಹಾಕುತ್ತ ಅಮ್ಮ, ತಲೆ ಅಲ್ಲಾಡಿಸಬೇಡ ಕಣೇ ಪುಟ್ಟಿ ಎಂದರು. ಧೃತಿ ಗಾಬರಿಯಿಂದ ತಿರುಗಿ ಅಜ್ಜಿಯ ಬಾಯಿಗೆ ತನ್ನ ಕೈ ಅಡ್ಡ ಹಿಡಿದಳು.

"ಶ್, ಅಜ್ಜಿ. ಸ್ಕೂಲ್ ವಿಲ್ ಹಿಯರ್."

ಆ ಪುಟ್ಟ ಕೈ ತೆಗೆಸಲು ನಮಗಿರುವುದು ಹತ್ತೊಂಬತ್ತು ದಿನ. ಒಂದು ವಾಕ್ಯ ತೆಗೆಯಲು ನಿಮಗೆ ಅಷ್ಟು ಬೇಕಾಗಲಿಕ್ಕಿಲ್ಲ.

ಇಂತಿ,
ನಿಮ್ಮ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ ದಡ್ಡ,
ಡಾ. ಮುಕುಂದ